ಎಚ್ಚರ ಯಾರಿಗಾಗಿ?

ನಮ್ಮ ಸದ್ಗುಣಗಳ ಪಟ್ಟಿಯಲ್ಲಿ ಎಚ್ಚರಕ್ಕೆ ಒಳ್ಳೆಯ ಜಾಗವಿಲ್ಲ. ದಾನಿಯನ್ನು ಹೊಗಳುತ್ತೇವೆ, ಧೈರ್ಯವಂತನ ಕಥೆಯನ್ನು ಮಕ್ಕಳಿಗೆ ಹೇಳುತ್ತೇವೆ, ಸತ್ಯಕ್ಕಾಗಿ ಕಷ್ಟಪಟ್ಟವನನ್ನು ರಂಗಸ್ಥಳಕ್ಕೆ ತಂದು ಕುಣಿಸುತ್ತೇವೆ. ಆದರೆ ‘ಅವನು ಭಾರಿ ಜಾಗ್ರತೆಯ ಮನುಷ್ಯ’ ಎನ್ನುವಾಗ ದನಿಯಲ್ಲಿ ಸಣ್ಣದೊಂದು ನಗೆ ಸೇರಿಕೊಳ್ಳುತ್ತದೆ. ಪುಕ್ಕಲ, ಲೆಕ್ಕಾಚಾರದವ, ಮೈ ಉಳಿಸಿಕೊಳ್ಳುವವ ಎಂಬ ಅರ್ಥ ಅದರೊಳಗಿರುತ್ತದೆ. ಎಚ್ಚರ ನಮಗಾಗಿ ಮಾಡಿಕೊಳ್ಳುವ ಕೆಲಸ, ಸದ್ಗುಣ ಇನ್ನೊಬ್ಬರಿಗಾಗಿ ಮಾಡುವ ಕೆಲಸ ಎಂದು ಒಳಗೊಳಗೇ ಭಾಗ ಮಾಡಿಟ್ಟುಕೊಂಡಿದ್ದೇವೆ.

ಈ ವಿಂಗಡಣೆಯ ಬಗ್ಗೆ ನನಗೆ ಅನುಮಾನ ಶುರುವಾದದ್ದು ಮೈನಸ್ 196 ಡಿಗ್ರಿಯ ಒಂದು ದ್ರವದ ಜೊತೆ ಕೆಲವು ವರ್ಷ ಕೆಲಸ ಮಾಡಿದ ಮೇಲೆ. ನಾನು ಭೌತಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ. ಕೆಲವು ವಸ್ತುಗಳು ಅತಿ ತಂಪಿನಲ್ಲಿ ಹೇಗೆ ನಡೆದುಕೊಳ್ಳುತ್ತವೆ ಎಂದು ನೋಡುವುದು ನನ್ನ ದಿನದ ಕೆಲಸ. ಪ್ರಯೋಗಾಲಯ ನನ್ನೊಬ್ಬನದಲ್ಲ. ನಾಲ್ಕೈದು ಗುಂಪಿನವರು ಒಂದೇ ಕೋಣೆ, ಒಂದೇ ಉಪಕರಣ, ಒಂದೇ ದ್ರವವನ್ನು ಸರದಿಯ ಮೇಲೆ ಬಳಸುತ್ತೇವೆ. ರಾತ್ರಿ ಒಬ್ಬರು ಬಿಟ್ಟು ಹೋದದ್ದನ್ನು ಬೆಳಿಗ್ಗೆ ಇನ್ನೊಬ್ಬರು ಮುಟ್ಟುತ್ತಾರೆ. ಅವರಿಬ್ಬರೂ ವಾರಗಟ್ಟಲೆ ಮುಖ ನೋಡಿಕೊಳ್ಳದೇ ಇರಬಹುದು.

ಅಲ್ಲಿನ ಗೆಳೆಯನೊಬ್ಬ ಯಾವಾಗಲೂ ಹೇಳುವ ಮಾತೊಂದಿದೆ: ‘ಕೈಗವಸು ಹಾಕಬೇಕೋ ಬೇಡವೋ ನನಗೆ ಬಿಡಿ. ನನ್ನ ಕೈ, ನನ್ನ ಜೀವ, ನನ್ನಿಷ್ಟ.’ ಕೇಳಲು ಇದು ಸ್ವಾತಂತ್ರ್ಯದ ಮಾತು. ಸಿಟ್ಟಿನಿಂದ ಇದಕ್ಕೆ ಉತ್ತರ ಕೊಡಲಾಗದು, ಯೋಚಿಸಿಯೇ ಕೊಡಬೇಕು.

ಮೊದಲು ಆ ದ್ರವದ ವಿಷಯ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ. ಗಾಳಿಯನ್ನು ಒತ್ತಿ, ತಂಪಾಗಿಸಿ, ಬೇರ್ಪಡಿಸಿದರೆ ಸಾರಜನಕ ನೀರಿನಂತೆ ತಿಳಿಯಾದ ದ್ರವವಾಗಿ ಸಿಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ದೊಡ್ಡ ಕಡೆಗಳಲ್ಲಿ ದ್ರವ ಸಾರಜನಕ, ದ್ರವ ಹೀಲಿಯಂಗಳನ್ನು ಒಂದು ಕೇಂದ್ರದಿಂದ ಎಲ್ಲ ವಿಭಾಗಗಳಿಗೆ ಹಂಚುವ ವ್ಯವಸ್ಥೆ ದಶಕಗಳಿಂದ ಇದೆ. ಚಿಕ್ಕ ಸಂಸ್ಥೆಗಳು ಅನಿಲ ಮಾರುವವರಿಂದ ತರಿಸಿಕೊಳ್ಳುತ್ತವೆ. ಇಂಡೆಂಟ್ ಬರೆಯಬೇಕು, ಮಾರ್ಗದರ್ಶಕರ ಸಹಿ ಬೇಕು, ಯಾವ ಗುಂಪಿನ ಲೆಕ್ಕಕ್ಕೆ ಎಷ್ಟು ಲೀಟರ್ ಎಂದು ರಿಜಿಸ್ಟರಿನಲ್ಲಿ ಏರಿಸಬೇಕು. ಆಮೇಲೆ ಡಿವಾರ್ ಎಂಬ ಎರಡು ಗೋಡೆಯ ಪಾತ್ರೆಯನ್ನು ಟ್ರಾಲಿಯ ಮೇಲೆ ತಳ್ಳಿಕೊಂಡು ಹೋಗಿ ತುಂಬಿಸಿ ತರಬೇಕು. ಗೋಡೆಗಳ ನಡುವೆ ನಿರ್ವಾತ. ನಾವು ಚಹಾ ತುಂಬುವ ಫ್ಲಾಸ್ಕಿನ ಮೂಲಪುರುಷ ಅದೇ.

ಎಷ್ಟೇ ಒಳ್ಳೆಯ ಡಿವಾರ್ ಆದರೂ ಒಳಗಿನ ದ್ರವ ಸದಾ ಸಣ್ಣಗೆ ಕುದಿಯುತ್ತಲೇ ಇರುತ್ತದೆ. ಬಳಸಿದರೂ ಖಾಲಿ, ಬಳಸದಿದ್ದರೂ ಖಾಲಿ. ಕೂಡಿಡಲು ಬಾರದ, ಕದ್ದರೂ ಕುರುಹು ಉಳಿಯದ, ಚೆಲ್ಲಿದರೆ ನೆಲ ಒದ್ದೆಯಾಗದ ವಸ್ತು ಇದು. ಇಂಥದನ್ನು ಹಂಚಿಕೊಂಡು ಬಳಸುವಾಗ ಯಾರು ಸರಿಯಾಗಿ ನಡೆದುಕೊಂಡರು, ಯಾರು ಇಲ್ಲ ಎಂಬುದಕ್ಕೆ ಸಾಕ್ಷಿಯೇ ಇರುವುದಿಲ್ಲ.

ಈ ಸಾಕ್ಷಿಯಿಲ್ಲದ ಸ್ಥಿತಿಗೆ ಒಳ್ಳೆಯ ಉದಾಹರಣೆ ನಮ್ಮ ಊರಿನ ಕಡೆಯೇ ಇದೆ. ನನ್ನೂರು ಹೆಗ್ಗರಣೆ, ಸಿದ್ದಾಪುರ ತಾಲ್ಲೂಕು. ಭೌತಶಾಸ್ತ್ರದ ಹೆಸರು ಕೇಳದವರೂ ನಮ್ಮ ಸೀಮೆಯಲ್ಲಿ ದ್ರವ ಸಾರಜನಕವನ್ನು ಕಂಡಿರುತ್ತಾರೆ. ದನಕ್ಕೆ ಕೃತಕ ಗರ್ಭಧಾರಣೆ ಮಾಡಲು ಬರುವವರ ಬೈಕಿನ ಹಿಂದೆ ಕಟ್ಟಿರುವ ಅಲ್ಯೂಮಿನಿಯಂ ಕ್ಯಾನಿನಲ್ಲಿ ಇರುವುದು ಅದೇ. ಹೆಸರಘಟ್ಟದಂಥ ಕಡೆ ತಯಾರಾದ ಹೋರಿಯ ವೀರ್ಯ, ಕಾಲು ಮಿಲಿಲೀಟರಿನ ಸಣ್ಣ ಕೊಳವೆಗಳಲ್ಲಿ, ಅದೇ ಮೈನಸ್ 196ರಲ್ಲಿ ಮುಳುಗಿಕೊಂಡು ಘಟ್ಟದ ತಿರುವುಗಳನ್ನು ದಾಟಿ ಕೊಟ್ಟಿಗೆಯ ಬಾಗಿಲಿಗೆ ಬರುತ್ತದೆ. ಮುಚ್ಚಳ ತೆಗೆದರೆ ಬಿಳಿ ಹೊಗೆ ಉಕ್ಕುತ್ತದೆ, ಮಕ್ಕಳು ಸುತ್ತ ಸೇರುತ್ತಾರೆ. ಅದು ಹೊಗೆಯಲ್ಲ, ಸಾರಜನಕವೂ ಅಲ್ಲ. ತಂಪು ತಗುಲಿ ಮಂಜಾದ ನಮ್ಮದೇ ಗಾಳಿಯ ತೇವ.

ಆ ಕೊಳವೆಗಳನ್ನು ತೆಗೆಯುವುದಕ್ಕೆ ಒಂದು ಶಿಸ್ತಿದೆ. ಬೇಕಾದದ್ದನ್ನು ಹುಡುಕುವಾಗ ಉಳಿದವನ್ನು ಕ್ಯಾನಿನ ಕುತ್ತಿಗೆಯಿಂದ ಮೇಲೆ ತರಬಾರದು. ಕೆಲವೇ ಕ್ಷಣ ಮೇಲಿನ ಬಿಸಿಗೆ ಬಂದು ಮತ್ತೆ ಒಳಗಿಳಿದರೂ ಒಳಗಿನ ಜೀವಕಣಗಳು ಹಾಳಾಗುತ್ತವೆ. ಹಾಳಾದ ಕೊಳವೆ ಕಣ್ಣಿಗೆ ಹಾಳಾದಂತೆ ಕಾಣುವುದಿಲ್ಲ; ಒಳ್ಳೆಯದರ ಹಾಗೇ ಇರುತ್ತದೆ. ಮುಂದಿನ ವಾರ, ಮುಂದಿನ ಊರಿನಲ್ಲಿ, ಯಾರದೋ ಆಕಳಿಗೆ ಅದನ್ನು ಕೊಡುತ್ತಾರೆ. ಸುಮಾರು 21 ದಿನದ ಮೇಲೆ ಆಕಳು ಮತ್ತೆ ಬೆದೆಗೆ ಬಂದಾಗ ಮನೆಯವರು ‘ನಿಲ್ಲಲಿಲ್ಲ’ ಎಂದು ನಿಟ್ಟುಸಿರು ಬಿಡುತ್ತಾರೆ. ಆಕಳನ್ನೋ, ಮೇವನ್ನೋ, ಗ್ರಹಚಾರವನ್ನೋ ದೂರುತ್ತಾರೆ. ಹಿಂದಿನ ವಾರ ಇನ್ನೊಂದು ಊರಿನ ಕೊಟ್ಟಿಗೆಯಲ್ಲಿ ಯಾರದೋ ಕೈ ಹತ್ತು ಕ್ಷಣ ಸಡಿಲವಾಗಿತ್ತು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಕೈ ಸಡಿಲ ಬಿಟ್ಟವರಿಗೂ ಗೊತ್ತಾಗುವುದಿಲ್ಲ.

ನೀತಿಯ ಬಗ್ಗೆ ನಮ್ಮ ರೂಢಿಯ ತಿಳಿವಳಿಕೆ ಇಲ್ಲಿ ಕೈಕೊಡುತ್ತದೆ. ತಪ್ಪು ಎಂದರೆ ಮಾಡಿದವನಿಗೂ ಅನುಭವಿಸಿದವನಿಗೂ ನಡುವೆ ಕಾಣುವ ಒಂದು ದಾರಿ ಇರುತ್ತದೆ ಎಂದುಕೊಂಡಿದ್ದೇವೆ. ಹೊಡೆದವನು ಇದ್ದಾನೆ, ಹೊಡೆಸಿಕೊಂಡವನು ಇದ್ದಾನೆ, ಕೇಳಬಹುದು, ಕ್ಷಮಿಸಬಹುದು. ಅತಿ ತಂಪಿನ ವಸ್ತುಗಳ ಲೋಕದಲ್ಲಿ ಆ ದಾರಿ ಆವಿಯಾಗಿಬಿಟ್ಟಿರುತ್ತದೆ. ಹಾಗಾಗಿ ‘ಯಾರಿಗೂ ನೋವು ಮಾಡಬೇಡ’ ಎಂಬ ಸೂತ್ರ ಸಾಲದು. ಯಾರಿಗೆ ನೋವಾಗುತ್ತದೆ ಎಂದೇ ಗೊತ್ತಾಗದಿರುವಾಗ ಏನು ಮಾಡಬೇಕು ಎನ್ನುವುದಕ್ಕೆ ಇನ್ನೊಂದು ಸೂತ್ರ ಬೇಕು.

ಗೆಳೆಯನ ಮಾತಿಗೆ ಮೊದಲ ಉತ್ತರವೂ ಇಲ್ಲೇ ಇದೆ. ದ್ರವ ಹೀಲಿಯಂ ಇರುವ ಪಾತ್ರೆಯ ಬಾಯಿಯನ್ನು ಕೆಲಸ ಮುಗಿದ ಮೇಲೆ ಸರಿಯಾಗಿ ಮುಚ್ಚದೆ ಹೋದರು ಎಂದುಕೊಳ್ಳಿ. ಅದರ ಉಷ್ಣತೆ ಮೈನಸ್ 269 ಡಿಗ್ರಿ. ಅಷ್ಟು ತಂಪಿನಲ್ಲಿ ಹೊರಗಿನ ತೇವವಷ್ಟೇ ಅಲ್ಲ, ಗಾಳಿಯೇ ಹೆಪ್ಪುಗಟ್ಟುತ್ತದೆ. ರಾತ್ರಿಯಿಡೀ ಗಾಳಿ ಒಳಸೇರಿ ಕುತ್ತಿಗೆಯಲ್ಲಿ ಹಿಮದ ಬಿರಡೆ ಕೂರುತ್ತದೆ. ಕೆಳಗೆ ದ್ರವ ಕುದಿಯುತ್ತಲೇ ಇದೆ, ಹೊರಹೋಗಲು ದಾರಿಯಿಲ್ಲ, ಒತ್ತಡ ಏರುತ್ತದೆ. ಬೆಳಿಗ್ಗೆ ಬಂದು ಅದರ ಮೇಲೆ ಬಗ್ಗಿ ನೋಡುವವರು ಬೇರೆಯವರು. ನಿರ್ಲಕ್ಷ್ಯ ಮಾಡಿದವರು ಸುಖವಾಗಿ ಮನೆಯಲ್ಲಿ ನಿದ್ದೆ ಮಾಡುತ್ತಿರುತ್ತಾರೆ. ಹಂಚಿಕೊಂಡ ಕೋಣೆಯಲ್ಲಿ ‘ನನ್ನ ಜೀವ, ನನ್ನಿಷ್ಟ’ ಎಂಬ ಮಾತು ಕೈಗವಸಿಗೆ ಒಪ್ಪಬಹುದು, ಮುಚ್ಚಳಕ್ಕೆ ಒಪ್ಪುವುದಿಲ್ಲ. ಕೈಗವಸಿಗೂ ಪೂರ್ತಿ ಒಪ್ಪುವುದಿಲ್ಲ. ಸುಟ್ಟ ಕೈಯಿಂದ ಜಾರಿದ ಪಾತ್ರೆ ಯಾರ ಕಾಲಿನ ಮೇಲೆ ಬೀಳುತ್ತದೆ ಎಂದು ಹೇಳಲಾಗದಲ್ಲ.

ಎರಡನೆಯ ಉತ್ತರಕ್ಕೆ ಸ್ವಲ್ಪ ಸುತ್ತು ಹಾಕಬೇಕು.

ನಮ್ಮೂರಿನ ಹತ್ತಿರ ಅಘನಾಶಿನಿ ನದಿ ಉಂಚಳ್ಳಿಯಲ್ಲಿ 116 ಮೀಟರ್ ಕೆಳಕ್ಕೆ ಧುಮುಕುತ್ತದೆ. ಅದಕ್ಕೆ ಕೆಪ್ಪಜೋಗ ಎಂದೂ ಹೆಸರು. ಹತ್ತಿರ ನಿಂತರೆ ಕಿವಿ ಕೆಪ್ಪಾಗುವಷ್ಟು ಸದ್ದು. ಮಳೆಗಾಲದಲ್ಲಿ ಕಾಡಿನ ದಾರಿಯಲ್ಲಿ ನಡೆಯುವಾಗ ನೀರು ಕಾಣುವ ಎಷ್ಟೋ ಮೊದಲೇ ಆ ಸದ್ದು ಎದೆಗೆ ತಟ್ಟಿ ‘ಇನ್ನು ನಿಧಾನ’ ಎನ್ನುತ್ತದೆ. ಮಲೆನಾಡಿನಲ್ಲಿ ಬೆಳೆದವರಿಗೆ ಅಪಾಯ ಎಂದರೆ ಹೀಗೆ, ಮುಂಚೆ ಸುದ್ದಿ ಕಳಿಸುವಂಥದ್ದು. ಹೊಳೆ ಕೆಂಪಾಗುತ್ತದೆ, ಹುಲ್ಲು ಸರಿದಾಡುತ್ತದೆ, ಮಂಗ ಕೂಗುತ್ತದೆ. ನಮ್ಮ ಭಯ, ನಮ್ಮ ಧೈರ್ಯ ಎರಡೂ ಈ ಸುದ್ದಿಗಳ ಜೊತೆ ಬೆಳೆದವು.

ಸಾರಜನಕ ಸುದ್ದಿ ಕಳಿಸುವುದಿಲ್ಲ. ಒಂದು ಲೀಟರ್ ದ್ರವ ಕೋಣೆಯ ಬಿಸಿಗೆ ಬಂದರೆ ಸುಮಾರು 700 ಲೀಟರ್ ಅನಿಲವಾಗುತ್ತದೆ. ನಾಲ್ಕು ಮೀಟರ್ ಅಗಲ, ಐದು ಮೀಟರ್ ಉದ್ದ, ಮೂರು ಮೀಟರ್ ಎತ್ತರದ ಮುಚ್ಚಿದ ಕೋಣೆಯಲ್ಲಿ 25 ಲೀಟರಿನ ಒಂದು ಡಿವಾರ್ ಚೆಲ್ಲಿತು ಎಂದು ಲೆಕ್ಕ ಹಾಕಿ. ಹದಿನೇಳು ಸಾವಿರ ಲೀಟರಿಗೂ ಹೆಚ್ಚು ಅನಿಲ ಹುಟ್ಟಿ ಅಷ್ಟೇ ಗಾಳಿಯನ್ನು ಹೊರದೂಡುತ್ತದೆ. ನೂರಕ್ಕೆ 21 ಇದ್ದ ಆಮ್ಲಜನಕ 15ರ ಆಸುಪಾಸಿಗೆ ಇಳಿಯುತ್ತದೆ. ತಂಪು ಅನಿಲ ಭಾರವಾದ್ದರಿಂದ ನೆಲದ ಹತ್ತಿರ ಇನ್ನೂ ಕಡಿಮೆ. ಬಣ್ಣವಿಲ್ಲ, ವಾಸನೆಯಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಉಸಿರುಗಟ್ಟಿದ ಹಾಗೆ ಅನ್ನಿಸುವುದೇ ಇಲ್ಲ.

ಇದು ದೇಹದ ಒಂದು ವಿಚಿತ್ರ. ಉಸಿರು ಹಿಡಿದಾಗ ನಮಗಾಗುವ ಚಡಪಡಿಕೆ ಬಹುಪಾಲು ಆಮ್ಲಜನಕದ ಕೊರತೆಯಿಂದ ಬರುವುದಲ್ಲ. ಮೈಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದರಿಂದ ಬರುವುದು. ಬರೀ ಸಾರಜನಕ ತುಂಬಿದ ಕಡೆ ಉಸಿರಾಡಿದರೆ ಇಂಗಾಲದ ಡೈಆಕ್ಸೈಡ್ ಎಂದಿನಂತೆ ಹೊರಹೋಗುತ್ತಿರುತ್ತದೆ. ದೇಹಕ್ಕೆ ದೂರೇ ಇಲ್ಲ. ಆಮ್ಲಜನಕ ತೀರ ಕಡಿಮೆಯಾದ ಕಡೆ ಎರಡು ಮೂರು ಉಸಿರಿನಲ್ಲಿ ಪ್ರಜ್ಞೆ ಹೋಗುತ್ತದೆ, ಮನುಷ್ಯ ಕುಸಿಯುತ್ತಾನೆ, ಕುಸಿದ ಜಾಗದಲ್ಲಿ ಇನ್ನೂ ಕಡಿಮೆ ಆಮ್ಲಜನಕ. ಲಕ್ಷಾಂತರ ವರ್ಷ ಕಾಡಿನಲ್ಲಿ, ಗುಹೆಯಲ್ಲಿ, ನೀರಿನಲ್ಲಿ ಬದುಕಿ ಕಲಿತ ಮೈಗೆ ಈ ಅಪಾಯದ ಪರಿಚಯವೇ ಆಗಿಲ್ಲ. ‘ನನಗೆ ಏನಾದರೂ ಅನ್ನಿಸಿದರೆ ಹೊರಗೆ ಬರುತ್ತೇನೆ’ ಎಂಬ ಭರವಸೆ ಇಲ್ಲಿ ಕೆಲಸಕ್ಕೆ ಬಾರದು. ಅನ್ನಿಸಬೇಕಾದ ‘ನಾನು’ ಮೊದಲು ಆರಿಹೋಗುತ್ತದೆ.

ಹೀಗೆ ಒಬ್ಬ ಬಿದ್ದಿದ್ದಾನೆ, ಬಾಗಿಲಲ್ಲಿ ಇನ್ನೊಬ್ಬ ನಿಂತಿದ್ದಾನೆ. ಒಳ್ಳೆಯ ಮನುಷ್ಯ ಏನು ಮಾಡುತ್ತಾನೆ? ಓಡಿ ಹೋಗುತ್ತಾನೆ.

2021ರ ಜನವರಿ 28ರಂದು ಅಮೆರಿಕದ ಜಾರ್ಜಿಯಾದ ಗೇನ್ಸ್‌ವಿಲ್ ಊರಿನ ಕೋಳಿಮಾಂಸದ ಕಾರ್ಖಾನೆಯೊಂದರಲ್ಲಿ ದ್ರವ ಸಾರಜನಕದ ಶೈತ್ಯಯಂತ್ರ ಉಕ್ಕಿ ಚೆಲ್ಲಿತು. ರಿಪೇರಿ ಕೆಲಸದ ಇಬ್ಬರು ಕೋಣೆಯೊಳಗೆ ಬಿದ್ದರು. ಅವರಿಗೆ ಏನಾಯಿತು ಎಂದು ನೋಡಲು, ಎತ್ತಿ ತರಲು, ಕನಿಷ್ಠ ಹದಿನಾಲ್ಕು ಸಹೋದ್ಯೋಗಿಗಳು ಒಳಗೂ ಆಸುಪಾಸಿಗೂ ಹೋದರು. ಒಟ್ಟು ಸತ್ತವರು ಆರು. ಎಂದರೆ ಮೊದಲ ಇಬ್ಬರನ್ನು ಬಿಟ್ಟು ಉಳಿದ ನಾಲ್ವರು ಹೋದದ್ದು ಇನ್ನೊಬ್ಬರ ಸಲುವಾಗಿ. ಅಲ್ಲಿ ಆಮ್ಲಜನಕ ಅಳೆಯುವ ಮಾಪಕವಿರಲಿಲ್ಲ. ಕಾರ್ಮಿಕರಿಗೆ ಈ ಅಪಾಯದ ಬಗ್ಗೆ ತಕ್ಕ ತರಬೇತಿಯೂ ಸಿಕ್ಕಿರಲಿಲ್ಲ. ಇದೊಂದೇ ಘಟನೆಯಲ್ಲ. 1992ರಿಂದ 2002ರವರೆಗೆ ಅಮೆರಿಕದಲ್ಲಿ ಸಾರಜನಕದಿಂದ ಉಸಿರು ನಿಂತು 80 ಜನ ಸತ್ತರು ಎಂದು ಅಲ್ಲಿನ ರಾಸಾಯನಿಕ ಸುರಕ್ಷತಾ ಮಂಡಳಿ ಲೆಕ್ಕ ಹಾಕಿದೆ. ಅವರಲ್ಲಿಯೂ ಕಾಪಾಡಲು ಹೋದವರಿದ್ದರು.

ಅಮೆರಿಕಕ್ಕೇ ಹೋಗಬೇಕೆಂದಿಲ್ಲ. ಹೂಳೆತ್ತಲು ಹಳೆಯ ಬಾವಿಗೆ ಇಳಿದವನು ಮೇಲೆ ಬರಲಿಲ್ಲ, ನೋಡಲು ಇಳಿದ ತಮ್ಮನೂ ಬರಲಿಲ್ಲ ಎಂಬ ಸುದ್ದಿಯನ್ನು ಕನ್ನಡ ಪತ್ರಿಕೆ ಓದುವವರೆಲ್ಲ ಓದಿದ್ದಾರೆ. ಸೆಗಣಿ ಅನಿಲದ ಗುಂಡಿ, ಮಲದ ಗುಂಡಿಗಳ ಕಥೆಯೂ ಅದೇ. ಮೊದಲನೆಯ ಸಾವು ಅಜ್ಞಾನದ್ದು, ಎರಡನೆಯ ಸಾವು ಪ್ರೀತಿಯದು. ಮನುಷ್ಯನ ಅತ್ಯುತ್ತಮ ಗುಣವೇ ಇಲ್ಲಿ ಬಲೆಯಾಗುತ್ತದೆ.

ಈ ಪ್ರಶ್ನೆ ನನ್ನನ್ನು ಬಹಳ ಕಾಡಿದೆ. ನಿಯಮಪುಸ್ತಕ ಸ್ಪಷ್ಟವಾಗಿ ಹೇಳುತ್ತದೆ: ಬಿದ್ದವರನ್ನು ಎತ್ತಲು ಒಳಗೆ ಹೋಗಬೇಡಿ, ಹೊರಗೆ ನಿಂತು ಸಹಾಯ ಕರೆಯಿರಿ. ಓದುವಾಗ ತಲೆದೂಗುತ್ತೇನೆ. ಆದರೆ ಬಿದ್ದಿರುವುದು ನಾಲ್ಕು ವರ್ಷ ಜೊತೆಗೆ ಉಂಡ ಗೆಳೆಯನಾದರೆ ಬಾಗಿಲಲ್ಲಿ ನಿಂತು ಫೋನ್ ಮಾಡುವಷ್ಟು ಗಟ್ಟಿ ನಾನು ಇರುತ್ತೇನೆಯೇ? ಇರಬೇಕೆಂದು ಕೇಳುವುದು ನ್ಯಾಯವೇ? ನಿಲ್ಲುವವನನ್ನು ನಾವು ಆಮೇಲೆ ಹೇಡಿ ಎನ್ನುವುದಿಲ್ಲವೇ?

ನನಗೆ ಸಿಕ್ಕ ಉತ್ತರ ಇಷ್ಟು. ಆ ಗಳಿಗೆಯಲ್ಲಿ ಸರಿಯಾದ ದಾರಿಯೇ ಉಳಿದಿರುವುದಿಲ್ಲ. ಓಡಿದರೆ ಎರಡು ಸಾವು, ನಿಂತರೆ ಜೀವಮಾನವಿಡೀ ಒಂದು ಮುಳ್ಳು. ಸರಿಯಾದ ದಾರಿ ಇದ್ದದ್ದು ಒಂದು ತಿಂಗಳ ಹಿಂದೆ, ಮಾಪಕದ ಬ್ಯಾಟರಿ ಬದಲಿಸುವಾಗ. ಒಂದು ವಾರದ ಹಿಂದೆ, ಗಾಳಿಯಾಡುವ ಫ್ಯಾನು ಕೆಟ್ಟಿದೆ ಎಂದು ಬರೆದು ಕೊಡುವಾಗ. ಆ ಸಂಜೆ, ‘ಒಬ್ಬನೇ ತುಂಬಿಸಬೇಡ, ನಾನೂ ಬರುತ್ತೇನೆ’ ಎನ್ನುವಾಗ. ಆಗ ಅದು ಧೈರ್ಯದಂತೆ ಕಾಣುತ್ತಿರಲಿಲ್ಲ, ಪ್ರೀತಿಯಂತೆಯೂ ಕಾಣುತ್ತಿರಲಿಲ್ಲ. ಬೇಸರದ, ಚಿಲ್ಲರೆ ಕೆಲಸದಂತೆ ಕಾಣುತ್ತಿತ್ತು. ಆದರೂ ಗೆಳೆಯನಿಗಾಗಿ ಬೆಂಕಿಗೆ ಹಾರುವ ಮನಸ್ಸು ನಿಜವಾಗಿ ಕೆಲಸಕ್ಕೆ ಬರುವ ಹೊತ್ತು ಅದೇ ಆಗಿತ್ತು.

ಹಳೆಯ ಬಾವಿಗೆ ಇಳಿಯುವ ಮೊದಲು ಹಗ್ಗಕ್ಕೆ ಲಾಟೀನು ಕಟ್ಟಿ ಕೆಳಗೆ ಬಿಟ್ಟು ನೋಡುವ ಪದ್ಧತಿ ನಮ್ಮಲ್ಲಿತ್ತು. ದೀಪ ಆರಿದರೆ ಇಳಿಯುವುದಿಲ್ಲ. ನಾವು ಗೋಡೆಗೆ ತೂಗುಹಾಕುವ ಆಮ್ಲಜನಕ ಮಾಪಕ ಆ ಲಾಟೀನಿನ ಮೊಮ್ಮಗು. ಲಾಟೀನು ಇಳಿಬಿಟ್ಟ ಹಿರಿಯರಿಗೆ ರಸಾಯನಶಾಸ್ತ್ರ ಗೊತ್ತಿತ್ತೋ ಇಲ್ಲವೋ, ಈ ವಿಷಯದಲ್ಲಿ ತಮ್ಮ ಮೈಯನ್ನು ನಂಬಬಾರದು ಎಂಬುದು ಗೊತ್ತಿತ್ತು. ಅಂಥ ದೀಪವನ್ನು ಯಾರೂ ತಮ್ಮೊಬ್ಬರಿಗಾಗಿ ಇಳಿಬಿಡುವುದಿಲ್ಲ. ಹಗ್ಗ ಹಿಡಿದವರು ಮೇಲೆ ಇರುತ್ತಾರೆ, ಇಳಿಯುವವರು ಬೇರೆ.

ನಮ್ಮ ಪ್ರಯೋಗಾಲಯದ ನಿಯಮಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಲಿಫ್ಟಿನದು. ತುಂಬಿದ ಡಿವಾರಿನ ಜೊತೆ ಮನುಷ್ಯರು ಲಿಫ್ಟಿನಲ್ಲಿ ಹೋಗಬಾರದು. ಲಿಫ್ಟ್ ನಡುವೆ ನಿಂತುಬಿಟ್ಟರೆ ಆ ಚಿಕ್ಕ ಪೆಟ್ಟಿಗೆಯಲ್ಲಿ ಆವಿಯಾಗುವ ದ್ರವ ಗಾಳಿಯನ್ನೆಲ್ಲ ತಳ್ಳಿಬಿಡುತ್ತದೆ. ಹಾಗಾಗಿ ಡಿವಾರ್ ಒಂಟಿಯಾಗಿ ಪ್ರಯಾಣ ಮಾಡಬೇಕು. ಕೆಳಗೆ ಒಬ್ಬರು ಅದನ್ನು ಒಳಗಿಟ್ಟು ಗುಂಡಿ ಒತ್ತಿ ಹೊರಬರಬೇಕು. ಮೇಲೆ ಒಬ್ಬರು ಕಾದು ನಿಂತಿರಬೇಕು. ನಡುವಿನ ಮಹಡಿಯಲ್ಲಿ ಯಾರೂ ಹತ್ತದ ಹಾಗೆ ಡಿವಾರಿನ ಕುತ್ತಿಗೆಗೆ ಫಲಕ ತೂಗಬೇಕು. ಇಬ್ಬರಿಲ್ಲದೆ ಈ ನಿಯಮ ಪಾಲಿಸಲಾಗುವುದಿಲ್ಲ. ಯಾರ ಸಹಾಯವೂ ಬೇಡ ಎನ್ನುವ ಜಾಣ ವಿದ್ಯಾರ್ಥಿಯೂ ಇಲ್ಲಿ ಇನ್ನೊಬ್ಬರನ್ನು ಕರೆಯಲೇಬೇಕು. ಫಲಕ ನೋಡಿ ಹತ್ತದೆ ನಿಂತ ಅಪರಿಚಿತನೂ ಈ ಕೆಲಸದಲ್ಲಿ ಪಾಲುಗಾರ.

ಆ ಫಲಕದ ವಿಷಯದಲ್ಲಿ ಇನ್ನೊಂದು ಪ್ರಶ್ನೆ ಇದೆ. ಅದು ಯಾವ ಭಾಷೆಯಲ್ಲಿರಬೇಕು? ನಾನು ಕಂಡ ಬಹಳಷ್ಟು ಪ್ರಯೋಗಾಲಯಗಳಲ್ಲಿ ಎಚ್ಚರಿಕೆಯ ಬರಹವೆಲ್ಲ ಇಂಗ್ಲಿಷಿನಲ್ಲಿ. ತರಬೇತಿಯೂ ಇಂಗ್ಲಿಷಿನಲ್ಲಿ, ವಿದ್ಯಾರ್ಥಿಗಳಿಗೆ. ಆದರೆ ಡಿವಾರ್ ತಳ್ಳುವವರು, ರಾತ್ರಿ ಕೋಣೆ ಗುಡಿಸುವವರು, ಬಾಗಿಲು ಕಾಯುವವರು ಓದುವುದು ಕನ್ನಡ, ಇಲ್ಲವೇ ತೆಲುಗು, ಹಿಂದಿ. ಅಪಾಯವನ್ನು ಎಲ್ಲರಿಗೂ ಹಂಚಿ ತಿಳಿವಳಿಕೆಯನ್ನು ಕೆಲವರಿಗೆ ಮಾತ್ರ ಹಂಚಿದರೆ ಅದನ್ನು ಹಂಚಿಕೆಯ ಪ್ರಯೋಗಾಲಯ ಎನ್ನಲಾಗುವುದಿಲ್ಲ.

ಕನ್ನಡದಲ್ಲಿ ಬರೆಯಲು ಹೊರಟರೆ ಭಾಷೆಯೇ ಒಂದು ತೊಡಕು ಹಾಕುತ್ತದೆ. ‘ಉಸಿರುಗಟ್ಟುವ ಅಪಾಯ’ ಎಂಬುದು ಸುಲಭದ ಅನುವಾದ. ಅದು ಸರಿಯಲ್ಲ. ಉಸಿರುಗಟ್ಟುವುದು ಎಂದರೆ ಕನ್ನಡದಲ್ಲಿ ಒಂದು ಅನುಭವ. ಎದೆ ಬಿಗಿಯುತ್ತದೆ, ಗಾಳಿಗೆ ಹಾತೊರೆಯುತ್ತೇವೆ. ಇಲ್ಲಿ ಆ ಅನುಭವ ಆಗುವುದಿಲ್ಲ ಎಂಬುದೇ ಅಪಾಯ. ಫಲಕ ಓದಿದವರು ‘ಉಸಿರುಗಟ್ಟಿದಾಗ ಹೊರಗೆ ಬಂದರಾಯಿತು’ ಎಂದುಕೊಂಡರೆ ನಾವೇ ಅವರನ್ನು ಒಳಗೆ ಕಳಿಸಿದ ಹಾಗೆ. ಟ್ರಾಲಿ ತಳ್ಳುವ ಹಿರಿಯರೊಬ್ಬರ ಜೊತೆ ಕೂತು ಮಾತು ಕೂಡಿಸಿದೆ. ಕಡೆಗೆ ನಿಂತದ್ದು ಇದು: ‘ಗಾಳಿ ಇದ್ದ ಹಾಗೇ ಇರುತ್ತದೆ, ಆದರೆ ಇರುವುದಿಲ್ಲ. ಮೈಗೆ ಗೊತ್ತಾಗುವುದಿಲ್ಲ. ಯಾರಾದರೂ ಬಿದ್ದಿದ್ದರೆ ಒಳಗೆ ಹೋಗಬೇಡಿ, ಕೂಗಿ.’ ಕೊನೆಯ ‘ಕೂಗಿ’ ಅವರ ಪದ. ‘ಸಹಾಯ ಕೋರಿ’ ಎಂದು ನಾನು ಬರೆದಿದ್ದೆ. ಆ ಹೊತ್ತಿನಲ್ಲಿ ಯಾರು ಕೋರುತ್ತಾರೆ ಎಂದು ಅವರು ಕೇಳಿದರು.

ಅಪಾಯ ಯಾರ ಪಾಲಿಗೆ ಬೀಳುತ್ತದೆ ಎಂಬ ಪ್ರಶ್ನೆ ಈ ವಿದ್ಯೆಯ ಚರಿತ್ರೆಯಷ್ಟೇ ಹಳೆಯದು. ಡಿವಾರ್ ಪಾತ್ರೆಗೆ ಹೆಸರು ಬಂದದ್ದು 1892ರಲ್ಲಿ ಅದನ್ನು ರೂಪಿಸಿದ, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿದ್ದ ಜೇಮ್ಸ್ ಡಿವಾರ್ ಅವರಿಂದ. 1898ರಲ್ಲಿ ಜಲಜನಕವನ್ನು ಮೊದಲು ದ್ರವ ಮಾಡಿದವರೂ ಅವರೇ. ಅವರ ಸಹಾಯಕರಾಗಿದ್ದ ಲೆನಾಕ್ಸ್ ಮತ್ತು ಹೀತ್ ಸ್ಫೋಟಗಳಲ್ಲಿ ತಲಾ ಒಂದು ಕಣ್ಣು ಕಳೆದುಕೊಂಡರು. ಪಾತ್ರೆಯ ಮೇಲೆ ಒಂದೇ ಹೆಸರು ಉಳಿಯಿತು.

ಅದೇ ಕಾಲದಲ್ಲಿ ನೆದರ್‌ಲ್ಯಾಂಡ್ಸಿನ ಲೈಡನ್ ಊರಿನಲ್ಲಿ ಹೈಕೆ ಕಾಮರ್ಲಿಂಗ್ ಓನೆಸ್ ಇದೇ ಗುರಿಗೆ ಹೊರಟಿದ್ದರು. 1807ರಲ್ಲಿ ಮದ್ದಿನ ಹಡಗೊಂದು ಸಿಡಿದು ಆ ಊರಿನ ಒಂದು ಭಾಗವೇ ನೆಲಸಮವಾಗಿತ್ತು. ಅದೇ ಜಾಗದಲ್ಲಿ ಕಟ್ಟಿದ ಪ್ರಯೋಗಾಲಯದಲ್ಲಿ ಒತ್ತಡದ ಅನಿಲ ತುಂಬಿಡುತ್ತಾರೆ ಎಂದು ತಿಳಿದಾಗ ಊರಿನವರು ಹೆದರಿದರು. 1895ರಿಂದ ಸುಮಾರು ಮೂರು ವರ್ಷ ಅಲ್ಲಿನ ಅತಿ ತಂಪಿನ ಕೆಲಸ ನಿಂತೇ ಹೋಯಿತು. ಡಿವಾರ್ ಜಲಜನಕದ ಸ್ಪರ್ಧೆ ಗೆದ್ದದ್ದು ಆ ಅವಧಿಯಲ್ಲೇ. ಎಚ್ಚರಕ್ಕೆ ಬೆಲೆಯಿದೆ ಎಂಬುದನ್ನು ಮುಚ್ಚಿಡಬೇಕಿಲ್ಲ. ಓನೆಸ್ ಅದನ್ನು ತೆತ್ತರು. ಅವರು ಇನ್ನೊಂದು ಕೆಲಸವನ್ನೂ ಮಾಡಿದರು. ಉಪಕರಣ ಮಾಡುವವರಿಗೆ, ಗಾಜು ಊದುವವರಿಗೆ ಒಂದು ಶಾಲೆಯನ್ನೇ ಕಟ್ಟಿದರು. 1908ರ ಜುಲೈ 10ರಂದು ಬೆಳಗಿನ ಜಾವದಿಂದ ಸಂಜೆಯವರೆಗೆ ಅವರೆಲ್ಲ ಸೇರಿ ಜಗತ್ತಿನ ಮೊದಲ ದ್ರವ ಹೀಲಿಯಂ ತಯಾರಿಸಿದರು. ಸಂಜೆ ಹೀಲಿಯಂ ದ್ರವವಾಗಿದ್ದರೂ ಯಾರಿಗೂ ಕಾಣಿಸಿರಲಿಲ್ಲ, ಅಷ್ಟು ತಿಳಿಯಾಗಿತ್ತು. ನೋಡಲು ಬಂದ ಸಹೋದ್ಯೋಗಿಯೊಬ್ಬರು ಕೆಳಗಿನಿಂದ ಬೆಳಕು ಬಿಡಿ ಎಂದರು. ಆಗ ದ್ರವದ ಅಂಚು ಕಂಡಿತು.

ಆ ಹೀಲಿಯಂ ನಮ್ಮಲ್ಲಿ ಸಿಗುವುದು ಸುಲಭವಲ್ಲ. ಭೂಮಿಯೊಳಗಿನ ಯುರೇನಿಯಂ, ಥೋರಿಯಂಗಳು ಕೋಟ್ಯಂತರ ವರ್ಷ ಕರಗುತ್ತ ಬಿಟ್ಟುಕೊಟ್ಟ ಅನಿಲ ಅದು. ನೈಸರ್ಗಿಕ ಅನಿಲದ ಕೆಲವು ಬಾವಿಗಳಲ್ಲಿ ಸಿಗುತ್ತದೆ. ಭಾರತ ತನಗೆ ಬೇಕಾದದ್ದನ್ನು ಬಹುಪಾಲು ಹೊರಗಿನಿಂದ ತರಿಸುತ್ತದೆ. 2017ರ ಜೂನ್‌ನಲ್ಲಿ ನೆರೆಯ ದೇಶಗಳು ಕತಾರಿನ ಗಡಿ ಮುಚ್ಚಿದಾಗ ಅಲ್ಲಿನ ಹೀಲಿಯಂ ಘಟಕಗಳು ನಿಂತು ಜಗತ್ತಿನ ಪ್ರಯೋಗಾಲಯಗಳು ದಿಗಿಲುಬಿದ್ದವು. ಒಮ್ಮೆ ಗಾಳಿಗೆ ಬಿಟ್ಟ ಹೀಲಿಯಂ ಹಗುರಾಗಿ ಮೇಲೇರಿ ಕೊನೆಗೆ ಭೂಮಿಯನ್ನೇ ಬಿಟ್ಟು ಹೋಗುತ್ತದೆ. ಇನ್ನೊಂದು ತೊಂದರೆ ಎಂದರೆ ಅದು ಬಹಳ ಸೂಕ್ಷ್ಮ. ಕುದಿಯುತ್ತಿರುವ ಒಂದು ಲೀಟರ್ ನೀರನ್ನು ಪೂರ್ತಿ ಆವಿ ಮಾಡಲು ಬೇಕಾದ ಶಾಖ ಎಂಟುನೂರು ಲೀಟರಿಗೂ ಹೆಚ್ಚು ದ್ರವ ಹೀಲಿಯಂ ಆವಿ ಮಾಡಬಲ್ಲದು. ಹಾಗಾಗಿ ಮೊದಲು ಅಗ್ಗದ ಸಾರಜನಕದಿಂದ ಉಪಕರಣವನ್ನು ತಂಪಾಗಿಸಿ, ಆಮೇಲೆ ಹೀಲಿಯಂ ಬಿಡಬೇಕು. ಆವಿಯಾದದ್ದನ್ನು ಕೊಳವೆಯಲ್ಲಿ ಹಿಂದಕ್ಕೆ ಕಳಿಸಿ ಮತ್ತೆ ದ್ರವ ಮಾಡಬೇಕು. ಅವಸರದಲ್ಲಿ ಈ ಕೊಳವೆ ತೆರೆಯದೆ ಗಾಳಿಗೆ ಬಿಟ್ಟರೂ ಪ್ರಯೋಗ ಚೆನ್ನಾಗಿಯೇ ಆಗುತ್ತದೆ, ಪ್ರಬಂಧವೂ ಅಚ್ಚಾಗುತ್ತದೆ. ಕಡಿಮೆ ಬೀಳುವುದು ಮುಂದಿನವರಿಗೆ.

ಇಂಥ ‘ಮುಂದಿನವರ’ ಲೆಕ್ಕ ನಮ್ಮ ಕಡೆ ಹೊಸದಲ್ಲ. ಮಲೆನಾಡಿನ ಮನೆಗಳ ಬಚ್ಚಲಲ್ಲಿ ಹಂಡೆಯ ಒಲೆ ಇರುತ್ತದೆ. ಸ್ನಾನ ಮಾಡಿದವರು ಹಂಡೆಗೆ ನೀರು ತುಂಬಿ, ಒಲೆಗೆ ಕಟ್ಟಿಗೆ ಮುಂದೂಡಿ ಹೊರಬರಬೇಕು. ಕಾವಲು ಯಾರೂ ಇರುವುದಿಲ್ಲ, ಬಾಗಿಲು ಹಾಕಿರುತ್ತದೆ. ಸೊಪ್ಪಿನ ಬೆಟ್ಟಗಳಿಗೂ ಇದೇ ನ್ಯಾಯ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸೌಲಭ್ಯ ಬ್ರಿಟಿಷರ ಕಾಲದಿಂದ ಬಂದಿದೆ. ನೆಲ ಸರಕಾರದ್ದು, ಸೊಪ್ಪು ದರಕು ತೋಟದವರದ್ದು. ತುದಿಯ ಚಿಗುರು ಉಳಿಸಿ ಸೊಪ್ಪು ಕಡಿದರೆ ಮರ ಮತ್ತೆ ಕೊಡುತ್ತದೆ. ಬೋಳು ಮಾಡಿದರ ಫಲ ಈ ವರ್ಷ ಕಾಣುವುದಿಲ್ಲ. ಎಲ್ಲ ಬೆಟ್ಟವೂ ಚೆನ್ನಾಗಿ ಉಳಿದಿದೆ ಎನ್ನಲಾರೆ. ಬೋಳಾದವೂ ಇವೆ, ಹಸಿರಾಗಿ ನಿಂತವೂ ಇವೆ, ಕಾನೂನು ಎರಡಕ್ಕೂ ಒಂದೇ. ಎಲ್ಲರಿಗೂ ಸೇರಿದ್ದು ಹಾಳಾಗಿಯೇ ತೀರುತ್ತದೆ ಎಂಬ ವಾದವನ್ನು ಒಪ್ಪದೆ, ಬಳಸುವವರೇ ಕೂತು ಮಾಡಿಕೊಂಡ ಕಟ್ಟಲೆಗಳು ಹೇಗೆ ಉಳಿಸುತ್ತವೆ ಎಂದು ತೋರಿಸಿದ್ದಕ್ಕೇ ಎಲಿನಾರ್ ಆಸ್ಟ್ರಂ ಅವರಿಗೆ 2009ರಲ್ಲಿ ನೊಬೆಲ್ ಬಂತು.

ಈ ಮಾತಿಗೆ ಆಕ್ಷೇಪಗಳಿವೆ. ನಿಯಮ ಹೆಚ್ಚಾದಂತೆ ಅದು ಮಡಿಯಾಗುತ್ತದೆ. ಯಾಕೆ ಎಂದು ಗೊತ್ತಿಲ್ಲದೆ ಸಹಿ ಹಾಕುತ್ತೇವೆ, ಮಾಪಕ ಕೂಗಿದರೆ ತಲೆನೋವೆಂದು ಬಂದ್ ಮಾಡುತ್ತೇವೆ, ಪರಿಶೀಲನೆಯ ಹಾಳೆಯಲ್ಲಿ ತಿಂಗಳ ಟಿಕ್ಕುಗಳನ್ನು ಒಂದೇ ದಿನ ಹಾಕುತ್ತೇವೆ. ಇಂಥ ಎಚ್ಚರ ನಿಜವಾಗಿ ತನ್ನನ್ನು ಕಾಯ್ದುಕೊಳ್ಳುವ ಕೆಲಸವೇ. ಏನಾದರೂ ಆದರೆ ‘ನನ್ನ ಸಹಿ ಇದೆ’ ಎಂದು ತೋರಿಸುವುದಕ್ಕೆ. ಇದನ್ನು ಒಪ್ಪುತ್ತೇನೆ. ಎಚ್ಚರದಲ್ಲಿ ಎರಡು ಬಗೆ. ಒಂದು ದೂರು ಬರದಂತೆ ನೋಡಿಕೊಳ್ಳುವುದು, ಇನ್ನೊಂದು ನೋವಾಗದಂತೆ ನೋಡಿಕೊಳ್ಳುವುದು. ಕಾಗದದ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಬೇರೆ ಮಾಡುವ ಉಪಾಯ ನನಗೆ ತಿಳಿದದ್ದು ಒಂದೇ: ಆ ನಿಯಮದ ಕಾರಣವನ್ನು ಹೊಸಬರಿಗೆ, ಅವರ ಭಾಷೆಯಲ್ಲಿ, ಅವರು ಪ್ರಶ್ನೆ ಕೇಳುವ ಹಾಗೆ ಹೇಳಲು ಬರುತ್ತದೆಯೇ? ಬಂದರೆ ಅದು ಬದುಕಿರುವ ನಿಯಮ. ಕೈಗವಸು ಸಡಿಲವಾಗಿರಬೇಕು ಎನ್ನುತ್ತೇವೆ. ಯಾಕೆಂದರೆ ದ್ರವ ಒಳಗಿಳಿದರೆ ಒಂದೇ ಕೊಡವಿಗೆ ಕಳಚಿ ಬೀಳಬೇಕು. ಪ್ಯಾಂಟು ಬೂಟಿನ ಹೊರಗಿರಬೇಕು ಎನ್ನುವುದೂ ಅದಕ್ಕೇ. ಕಾರಣ ಕೇಳಿದವರು ಆಮೇಲೆ ಮರೆಯುವುದಿಲ್ಲ.

ಎರಡನೆಯ ಆಕ್ಷೇಪ, ಹೆದರಿ ಕೂತರೆ ವಿಜ್ಞಾನ ನಡೆಯುವುದಿಲ್ಲ ಎಂಬುದು. ನಿಜ. ಆದರೆ ಗೊತ್ತಿದ್ದು ತನ್ನ ಮೇಲೆ ಎಳೆದುಕೊಂಡ ಅಪಾಯ ಬೇರೆ, ಗೊತ್ತಿಲ್ಲದವರ ಮೇಲೆ ಹೊರಿಸಿದ ಅಪಾಯ ಬೇರೆ. ಮೊದಲನೆಯದನ್ನು ಸಾಹಸ ಎನ್ನಬಹುದು. ಎರಡನೆಯದಕ್ಕೆ ಆ ಹೆಸರು ಸಲ್ಲುವುದಿಲ್ಲ.

ಹಾಗಾಗಿ ಎಚ್ಚರವನ್ನು ಹೇಡಿತನದ ಸಾಲಿನಿಂದ ಎತ್ತಿ ದಾನದ ಸಾಲಿನಲ್ಲಿ ಕೂರಿಸಬೇಕು ಎಂದು ನನಗನ್ನಿಸುತ್ತದೆ. ಒಂದು ವ್ಯತ್ಯಾಸವಿದೆ. ದಾನ ಪಡೆದವನು ಕೈಮುಗಿಯುತ್ತಾನೆ. ಎಚ್ಚರ ಫಲಿಸಿದಾಗ ಏನೂ ಆಗುವುದಿಲ್ಲ. ಆಗದೇ ಉಳಿದ ಅನಾಹುತಕ್ಕೆ ಹೆಸರಿಲ್ಲ, ಸುದ್ದಿಯಿಲ್ಲ. ಕೃತಜ್ಞತೆ ಹೇಳಬೇಕಾದವನಿಗೆ ತಾನು ಉಳಿದದ್ದೇ ಗೊತ್ತಿಲ್ಲ. ಅವನು ಬೆಳಿಗ್ಗೆ ಬಂದು ಮುಚ್ಚಳ ತೆಗೆದು, ದ್ರವ ಸಾಕಷ್ಟಿದೆ ಎಂದು ನೋಡಿ, ತನ್ನ ಕೆಲಸ ಶುರು ಮಾಡುತ್ತಾನೆ. ಅವನಿಗೆ ಅಷ್ಟು ಸಿಕ್ಕರೆ ಸಾಕು.